ಒಂದು ಫೇಸಿನ ಮನೆಗೆ ಮೂರು ಫೇಸಿನ ಯಂತ್ರ ಬಂದಾಗ

ಕೈಬಳೆ ಅಡವಿಟ್ಟು, ಚೀಟಿಯ ಹಣ ಎತ್ತಿ, ಕೊನೆಗೂ ಯಂತ್ರ ಮನೆಗೆ ಬಂತು ಎಂದುಕೊಳ್ಳಿ. ಅದು ಮುಚ್ಚಿಹೋದ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಅಗ್ಗಕ್ಕೆ ಸಿಕ್ಕಿದ ಓವರ್‌ಲಾಕ್ ಯಂತ್ರವಿರಬಹುದು. ಖಾರದ ಪುಡಿ, ಅಕ್ಕಿ ಹಿಟ್ಟು ಮಾಡಿ ಮಾರಬೇಕೆಂದು ತಂದ ಗಿರಣಿಯಿರಬಹುದು. ಐಟಿಐ ಮುಗಿಸಿದ ಮಗನಿಗಾಗಿ ಹಿತ್ತಿಲ ಶೆಡ್ಡಿನಲ್ಲಿ ಇಳಿಸಿದ ಲೇತ್ ಅಥವಾ ಮರ ಕೊಯ್ಯುವ ಯಂತ್ರವಿರಬಹುದು. ಮನೆಯವರೆಲ್ಲ ಸುತ್ತ ನಿಂತಿದ್ದಾರೆ. ಎಲೆಕ್ಟ್ರಿಷಿಯನ್ ಬಂದು ಮೋಟಾರಿನ ಮೇಲಿನ ಸಣ್ಣ ತಗಡನ್ನು ಒರೆಸಿ ಓದುತ್ತಾನೆ. ಮತ್ತೆ ತಲೆಯಾಡಿಸಿ ಹೇಳುತ್ತಾನೆ: "ಅಕ್ಕಾ, ಇದು ತ್ರೀ ಫೇಸ್ ಮೋಟಾರು. ನಿಮ್ಮ ಮನೆಯಲ್ಲಿರುವುದು ಸಿಂಗಲ್ ಫೇಸ್. ಇದು ಇಲ್ಲಿ ಓಡುವುದಿಲ್ಲ."

ಅಲ್ಲಿಂದ ಸಲಹೆಗಳ ಸುರಿಮಳೆ ಪ್ರಾರಂಭವಾಗುತ್ತದೆ. "ಒಂದು ಕೆಪಾಸಿಟರ್ ಹಾಕಿದರೆ ಸಾಕು" ಎನ್ನುತ್ತಾನೆ ತಮ್ಮ. "ಕನ್ವರ್ಟರ್ ಅಂತ ಬರುತ್ತದೆ, ತರಿಸಿ" ಎನ್ನುತ್ತಾರೆ ಪಕ್ಕದ ಮನೆಯವರು. "ಕೆಇಬಿಗೆ ಅರ್ಜಿ ಹಾಕಿ" ಎನ್ನುತ್ತಾರೆ ಮಾವ. ಯಾರ ಮಾತು ಸರಿ? ಎಲ್ಲರದ್ದೂ ಸ್ವಲ್ಪ ಸ್ವಲ್ಪ ಸರಿ. ಆದರೆ ಯಾವ ಮೋಟಾರಿಗೆ ಯಾವ ಮಾತು ಸರಿ ಎಂದು ತಿಳಿಯದೆ ಹೊರಟರೆ ಮೋಟಾರು ಸುಡುತ್ತದೆ, ಹಣ ಹೋಗುತ್ತದೆ. ಕೆಲವೊಮ್ಮೆ ಜೀವವೇ ಹೋಗುತ್ತದೆ. ಬಳೆ ಅಡವಿಟ್ಟವರು ನೀವಾದ ಮೇಲೆ ಈ ವಿಷಯವನ್ನು "ಗಂಡಸರ ಕೆಲಸ" ಎಂದು ಬಿಟ್ಟುಬಿಡಬೇಡಿ. ತಂತಿ ಜೋಡಿಸುವ ಕೆಲಸ ಎಲೆಕ್ಟ್ರಿಷಿಯನ್‌ನದ್ದೇ ಇರಲಿ. ಆದರೆ ಅವನಿಗೆ ಯಾವ ಪ್ರಶ್ನೆ ಕೇಳಬೇಕೆಂಬುದು ನಿಮಗೆ ಗೊತ್ತಿರಬೇಕು.

ಫೇಸ್ ಎಂದರೇನು?

ನಮ್ಮ ಅಜ್ಜಿಯರ ಕಾಲದಲ್ಲಿ ಒರಳಿನ ಸುತ್ತ ನಿಂತು ಭತ್ತ ಕುಟ್ಟುತ್ತಿದ್ದುದನ್ನು ನೀವು ಕೇಳಿರಬಹುದು. ಒಬ್ಬಳೇ ಕುಟ್ಟಿದರೆ ಒನಕೆ ಮೇಲೆ ಹೋಗುವಷ್ಟು ಹೊತ್ತು ಒರಳು ಸುಮ್ಮನಿರುತ್ತದೆ. ಮೂವರು ಸೇರಿ, ಒಬ್ಬರ ಹಿಂದೆ ಒಬ್ಬರಂತೆ ಸರದಿ ತಪ್ಪದೆ ಕುಟ್ಟಿದರೆ ಪೆಟ್ಟು ಬೀಳದ ಕ್ಷಣವೇ ಇರುವುದಿಲ್ಲ. ಸಿಂಗಲ್ ಫೇಸ್ ಎಂದರೆ ಒಬ್ಬಳ ಒನಕೆ. ತ್ರೀ ಫೇಸ್ ಎಂದರೆ ಮೂವರ ಒನಕೆ.

ನಮ್ಮ ಮನೆಗೆ ಬರುವ ವಿದ್ಯುತ್ತು ಒಂದೇ ಸಮನೆ ಹರಿಯುವುದಲ್ಲ. ಅದು ಸೆಕೆಂಡಿಗೆ 50 ಬಾರಿ ಏರಿ ಇಳಿದು, ದಿಕ್ಕು ಬದಲಿಸಿ, ಮತ್ತೆ ಏರುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಮೂರು ಫೇಸ್‌ಗಳನ್ನು ಕೆಂಪು, ಹಳದಿ, ನೀಲಿ ಎಂದು ಗುರುತಿಸುತ್ತಾರೆ. ಮೂರರಲ್ಲೂ ಏರಿಳಿತ ಒಂದೇ ರೀತಿಯದು. ಆದರೆ ಒಂದಕ್ಕಿಂತ ಇನ್ನೊಂದು ಮೂರನೇ ಒಂದು ಸರದಿಯಷ್ಟು ಹಿಂದೆ ಇರುತ್ತದೆ. ಸಾಮಾನ್ಯ ಮನೆಗೆ ಇವುಗಳಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಕೊಡುತ್ತಾರೆ. ಇವೆರಡರ ನಡುವೆ ಸುಮಾರು 230 ವೋಲ್ಟ್. ಒಂದು ಫೇಸ್ ಮತ್ತು ಇನ್ನೊಂದು ಫೇಸ್ ನಡುವೆ ಅಳೆದರೆ ಸುಮಾರು 400 ವೋಲ್ಟ್. ನಮ್ಮ ಎಷ್ಟೋ ಮೋಟಾರುಗಳ ತಗಡಿನಲ್ಲಿ ಇದನ್ನೇ 415 ಎಂದು ಬರೆದಿರುತ್ತಾರೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ಮುಂದೆ ಬರುವ ಹೆಚ್ಚಿನ ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ.

ಮೂರು ಫೇಸಿನ ಪದ್ಧತಿ ಹೊಸತೇನಲ್ಲ. 1889ರಲ್ಲಿ ಡೊಲಿವೊ-ಡೊಬ್ರೊವೊಲ್‌ಸ್ಕಿ ಎಂಬ ಇಂಜಿನಿಯರ್ ಮೂರು ಫೇಸಿನ ಮೋಟಾರನ್ನು ರೂಪಿಸಿದರು. 1891ರಲ್ಲಿ ಜರ್ಮನಿಯ ಲಾಫನ್‌ನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿಲೋಮೀಟರ್ ದೂರ ಇದೇ ಪದ್ಧತಿಯಲ್ಲಿ ವಿದ್ಯುತ್ ಹರಿಸಿ ತೋರಿಸಲಾಯಿತು. ಅದಾಗಿ ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ತಲುಪಿತು.

ಸೀಲಿಂಗ್ ಫ್ಯಾನ್ ಕಲಿಸುವ ಪಾಠ

ತ್ರೀ ಫೇಸ್ ಮೋಟಾರಿನೊಳಗೆ ಮೂರು ಗುಂಪು ತಂತಿಯ ಸುರುಳಿಗಳಿರುತ್ತವೆ. ಮೂರು ಫೇಸ್‌ಗಳು ಸರದಿಯಂತೆ ಏರುವಾಗ ಒಳಗಿನ ಅಯಸ್ಕಾಂತದ ಶಕ್ತಿ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತಾ ಹೋಗುತ್ತದೆ. ನಡುವಿನ ದಂಡ ಅದರ ಬೆನ್ನಟ್ಟಿ ತಿರುಗುತ್ತದೆ. ಯಾರೂ ತಳ್ಳಬೇಕಾಗಿಲ್ಲ, ತಾನಾಗಿಯೇ ಹೊರಡುತ್ತದೆ. ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಹಿಮ್ಮುಖವಾಗಿ ತಿರುಗುತ್ತದೆ.

ಸಿಂಗಲ್ ಫೇಸ್‌ನಲ್ಲಿ ಈ ಸುತ್ತು ಇಲ್ಲ. ಅಯಸ್ಕಾಂತದ ಶಕ್ತಿ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಜಗ್ಗುತ್ತದೆ, ಅಷ್ಟೇ. ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಮೋಟಾರಿಗೆ ತಿಳಿಯುವುದಿಲ್ಲ. ಸ್ವಿಚ್ ಹಾಕಿದರೂ ತಿರುಗದೆ ಗುಂಯ್‌ಗುಟ್ಟುವ ಸೀಲಿಂಗ್ ಫ್ಯಾನನ್ನು ಕೋಲಿನಿಂದ ತಳ್ಳಿ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಎಲೆಕ್ಟ್ರಿಷಿಯನ್ ಬಂದು "ಕಂಡೆನ್ಸರ್ ಹೋಗಿದೆ" ಎಂದು ಸಣ್ಣ ಡಬ್ಬಿಯೊಂದನ್ನು ಬದಲಿಸಿದರೆ ಫ್ಯಾನ್ ಮೊದಲಿನಂತಾಗುತ್ತದೆ. ಆ ಡಬ್ಬಿಯೇ ಕೆಪಾಸಿಟರ್. ಫ್ಯಾನಿನ ಎರಡನೇ ಸುರುಳಿಗೆ ಹೋಗುವ ವಿದ್ಯುತ್ತಿನ ಸರದಿಯನ್ನು ಬೇರೆ ಮಾಡಿ, ಇಲ್ಲದ ಎರಡನೇ ಒನಕೆಯನ್ನು ಸೃಷ್ಟಿಸುವುದು ಅದರ ಕೆಲಸ. ಸಿಂಗಲ್ ಫೇಸ್‌ನಿಂದ ತ್ರೀ ಫೇಸ್ ಮಾಡುವ ಉಪಾಯಗಳ ಬೀಜ ಇದರಲ್ಲೇ ಇದೆ.

ಮೊದಲು ತಗಡು ಓದಿ

ಹಳೆಯ ಯಂತ್ರ ಕೊಳ್ಳುವ ಮೊದಲೇ ಮೋಟಾರಿನ ನೇಮ್ ಪ್ಲೇಟನ್ನು ಓದಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಮೂರು ವಿಷಯಗಳನ್ನು ನೋಡಬೇಕು. ಒಂದು, ಫೇಸ್ ಎಷ್ಟು. ಎರಡು, ಎಷ್ಟು ಎಚ್‌ಪಿ ಅಥವಾ ಕಿಲೋವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಮೂರು, ವೋಲ್ಟೇಜ್ ಎಷ್ಟು, ಸುರುಳಿಗಳ ಜೋಡಣೆ ಸ್ಟಾರ್ ಮಾದರಿಯದೋ ಡೆಲ್ಟಾ ಮಾದರಿಯದೋ.

ಈ ಮೂರನೆಯದನ್ನು ನೋಡದೆ ಮೋಸ ಹೋಗುವವರೇ ಹೆಚ್ಚು. ನಮ್ಮಲ್ಲಿ ಸುಮಾರು 2 ಎಚ್‌ಪಿವರೆಗಿನ ಮೋಟಾರುಗಳು ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲಿರುತ್ತವೆ. ಅದರಲ್ಲಿ ಪ್ರತಿ ಸುರುಳಿಗೆ ತಾಗುವುದು 230-240 ವೋಲ್ಟ್ ಮಾತ್ರ. ಆರೂ ತುದಿಗಳು ಪೆಟ್ಟಿಗೆಯಲ್ಲಿ ಹೊರಗೆ ಸಿಗುವಂತಿದ್ದರೆ ಎಲೆಕ್ಟ್ರಿಷಿಯನ್ ಅದನ್ನು ಡೆಲ್ಟಾ ಮಾಡಿಕೊಡಬಹುದು. ಆಗ ಆ ಮೋಟಾರು ಮನೆಯ 230 ವೋಲ್ಟಿನಿಂದ ತಯಾರಾದ ತ್ರೀ ಫೇಸ್‌ನಲ್ಲಿ ಪೂರ್ಣ ಬಲದಿಂದ ಓಡುತ್ತದೆ. ಮೂರೇ ತುದಿಗಳು ಹೊರಗಿದ್ದರೆ ವೈಂಡಿಂಗ್ ಅಂಗಡಿಯವರು ಮೋಟಾರನ್ನು ಬಿಚ್ಚಿ ಉಳಿದ ತುದಿಗಳನ್ನು ಹೊರತೆಗೆಯಬೇಕಾಗುತ್ತದೆ. ಆದರೆ 3 ಎಚ್‌ಪಿ ಮತ್ತು ಅದಕ್ಕಿಂತ ದೊಡ್ಡ ಮೋಟಾರುಗಳು ಸಾಮಾನ್ಯವಾಗಿ ಮೊದಲೇ ಡೆಲ್ಟಾದಲ್ಲಿರುತ್ತವೆ. ಅವುಗಳ ಸುರುಳಿಗೇ 415 ವೋಲ್ಟ್ ಬೇಕು. 230 ವೋಲ್ಟ್ ಕೊಟ್ಟರೆ ಬಲ ಅರ್ಧಕ್ಕಿಳಿಯುತ್ತದೆ ಎಂದುಕೊಳ್ಳಬೇಡಿ, ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಿರಣಿಯ ಕಲ್ಲು ಕದಲುವುದಿಲ್ಲ, ಮೋಟಾರು ಗುರ್ರೆನ್ನುತ್ತಾ ಬಿಸಿಯಾಗಿ ಸುಟ್ಟು ಹೋಗುತ್ತದೆ.

ಮೊದಲ ದಾರಿ: ಮೋಟಾರನ್ನೇ ಬದಲಿಸುವುದು

ಎಲ್ಲಕ್ಕಿಂತ ಸರಳ ದಾರಿಯನ್ನು ಯಾರೂ ಮೊದಲು ಹೇಳುವುದಿಲ್ಲ. ಯಂತ್ರ ಬೇರೆ, ಅದನ್ನು ತಿರುಗಿಸುವ ಮೋಟಾರು ಬೇರೆ. ಬೆಲ್ಟಿನಲ್ಲಿ ಓಡುವ ಸಣ್ಣ ಗಿರಣಿ ಅಥವಾ ಗರಗಸವಾದರೆ ಅಷ್ಟೇ ವೇಗದ ಸಿಂಗಲ್ ಫೇಸ್ ಮೋಟಾರನ್ನು ಕೂರಿಸಿ ಕೆಲಸ ಮುಗಿಸಬಹುದು. 2-3 ಎಚ್‌ಪಿವರೆಗೆ ಇಂಥ ಮೋಟಾರುಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಹೊಲಿಗೆಗಂತೂ ಇದೇ ಉತ್ತಮ. ಕಾರ್ಖಾನೆಯ ಹಳೆಯ ಯಂತ್ರದ ಕ್ಲಚ್ ಮೋಟಾರು ತೆಗೆದು ಸರ್ವೋ ಮೋಟಾರು ಹಾಕಿಸಿದರೆ ಮನೆಯ ಪ್ಲಗ್ಗಿನಲ್ಲೇ ಓಡುತ್ತದೆ. ಪೆಡಲ್ ತುಳಿಯದಿದ್ದಾಗ ಸುಮ್ಮನೆ ತಿರುಗುತ್ತಾ ಕರೆಂಟು ತಿನ್ನುವುದೂ ಇಲ್ಲ, ಸದ್ದೂ ಕಡಿಮೆ.

ಎರಡನೇ ದಾರಿ: ಕೆಪಾಸಿಟರ್

"ಒಂದು ಕೆಪಾಸಿಟರ್ ಸಾಕು" ಎಂಬ ಮಾತು ಹಳ್ಳಿಗಳಿಂದ ಬಂದದ್ದು. ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ದಿನದ ಕೆಲವು ಗಂಟೆ ಮಾತ್ರ ತ್ರೀ ಫೇಸ್ ಕೊಟ್ಟು, ಉಳಿದ ಹೊತ್ತು ಸಿಂಗಲ್ ಫೇಸ್ ಕೊಡುವ ಪದ್ಧತಿ ಇತ್ತು. ಬೆಳೆ ಒಣಗುವುದನ್ನು ನೋಡಲಾರದ ರೈತರು ಕೆಪಾಸಿಟರ್ ಪೆಟ್ಟಿಗೆ ಜೋಡಿಸಿ ಆ ಹೊತ್ತಿನಲ್ಲೂ ಪಂಪು ಓಡಿಸಲು ಕಲಿತರು. ಇದರಿಂದ ತಂತಿಯ ಮೇಲೆ ಹೊರೆ ಬಿದ್ದು ಊರಿನ ದೀಪಗಳು ಮಂಕಾದವು, ಟ್ರಾನ್ಸ್‌ಫಾರ್ಮರ್‌ಗಳು ಸುಟ್ಟವು. ಮನೆಗಳ ಮತ್ತು ಪಂಪ್‌ಸೆಟ್ಟುಗಳ ಫೀಡರುಗಳನ್ನು ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದುದರ ಹಿಂದೆ ಈ ಕಥೆಯೂ ಇದೆ.

ವಿದ್ಯೆಯೇನೋ ನಿಜ. ಮೋಟಾರಿನ ಎರಡು ತುದಿಗೆ ನೇರ ಕರೆಂಟು ಕೊಟ್ಟು, ಮೂರನೆಯದಕ್ಕೆ ಕೆಪಾಸಿಟರ್ ಮೂಲಕ ಕೊಡುತ್ತಾರೆ. ಮೋಟಾರು ಹೊರಡುತ್ತದೆ. ಆದರೆ ಮೂರು ಸುರುಳಿಗಳಿಗೆ ಸಮಪಾಲು ಸಿಗುವುದಿಲ್ಲ. ತಗಡಿನಲ್ಲಿ ಬರೆದ ಬಲದ ಮೂರನೇ ಎರಡು ಭಾಗವನ್ನಷ್ಟೇ ನಂಬಬಹುದು. ಅದಕ್ಕಿಂತ ಹೆಚ್ಚು ಹೊರೆ ಹಾಕಿದರೆ ಒಂದು ಸುರುಳಿ ಅತಿಯಾಗಿ ಕಾಯುತ್ತದೆ. ಒಮ್ಮೆ ಗಟ್ಟಿ ಮರ, ಒಮ್ಮೆ ಮೆತ್ತಗಿನ ಮರ ಕೊಯ್ಯುವಂತೆ ಹೊರೆ ಬದಲಾಗುತ್ತಿದ್ದರೆ ಸಮತೋಲ ಇನ್ನೂ ಕೆಡುತ್ತದೆ. ಅಪರೂಪಕ್ಕೊಮ್ಮೆ ಬಳಸುವ ಸಣ್ಣ ಡ್ರಿಲ್ಲಿಂಗ್ ಯಂತ್ರಕ್ಕೆ ಇದು ನಡೆಯುತ್ತದೆ. ದಿನವಿಡೀ ಓಡುವ, ಮನೆಯ ಊಟ ನಂಬಿಕೊಂಡಿರುವ ಯಂತ್ರಕ್ಕೆ ಬೇಡ.

ಮೂರನೇ ದಾರಿ: ತಿರುಗುವ ಕನ್ವರ್ಟರ್

ನೀವು ರೈಲಿನಲ್ಲಿ ಪ್ರಯಾಣಿಸಿದ್ದರೆ ಇದರ ಉಪಕಾರ ಪಡೆದಿರುವ ಸಾಧ್ಯತೆಯಿದೆ. ನಮ್ಮ ವಿದ್ಯುತ್ ರೈಲುಗಳ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟಿನ ಸಿಂಗಲ್ ಫೇಸ್ ವಿದ್ಯುತ್ತು. ಆದರೆ ಇಂಜಿನ್ ಒಳಗಿನ ಗಾಳಿ ಬೀಸುವ ಬ್ಲೋವರ್, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಇವಕ್ಕೆಲ್ಲ ತ್ರೀ ಫೇಸ್ ಬೇಕು. ಆದ್ದರಿಂದ ಡಬ್ಲ್ಯುಎಪಿ-4ರಂಥ ಹಳೆಯ ಮಾದರಿಯ ಇಂಜಿನ್ನುಗಳಲ್ಲಿ ಆರ್ನೋ ಕನ್ವರ್ಟರ್ ಎಂಬ ತಿರುಗುವ ಯಂತ್ರವನ್ನಿಟ್ಟರು. ಅದು ಸಿಂಗಲ್ ಫೇಸ್‌ನಲ್ಲಿ ತಿರುಗುತ್ತಾ ತನ್ನ ಸುರುಳಿಯಲ್ಲಿ ಕಾಣೆಯಾದ ಫೇಸನ್ನು ಹುಟ್ಟಿಸುತ್ತದೆ.

ವರ್ಕ್‌ಶಾಪಿನ ರೋಟರಿ ಕನ್ವರ್ಟರ್ ಕೂಡ ಇದೇ ತತ್ವದ್ದು. ಹೊರೆಯಿಲ್ಲದ ಒಂದು ದೊಡ್ಡ ತ್ರೀ ಫೇಸ್ ಮೋಟಾರನ್ನು ಸಿಂಗಲ್ ಫೇಸ್‌ನಲ್ಲಿ ತಿರುಗಿಸಿಟ್ಟು, ಅದರಿಂದ ಮೂರನೇ ಫೇಸ್ ಪಡೆಯುತ್ತಾರೆ. ಒಂದೇ ಕನ್ವರ್ಟರಿನಿಂದ ಹಲವು ಯಂತ್ರಗಳನ್ನು ಓಡಿಸಬಹುದು. ಆದರೆ ತಿರುಗಿಸಿಟ್ಟ ಮೋಟಾರು ನಿಮ್ಮ ಅತಿ ದೊಡ್ಡ ಯಂತ್ರದ ಮೋಟಾರಿಗಿಂತ ದೊಡ್ಡದಿರಬೇಕು. ಅದು ಕೆಲಸವಿಲ್ಲದಾಗಲೂ ಸದ್ದು ಮಾಡುತ್ತಾ ಕರೆಂಟು ತಿನ್ನುತ್ತದೆ. 230 ವೋಲ್ಟನ್ನು 415ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಬೇರೆ ಬೇಕು. ಮಲಗುವ ಕೋಣೆಯ ಪಕ್ಕದ ಶೆಡ್ಡಿಗೆ ಇದು ಹೇಳಿದ್ದಲ್ಲ.

ನಾಲ್ಕನೇ ದಾರಿ: ಡ್ರೈವ್

ನಿಮ್ಮ ಮನೆಯಲ್ಲಿ "ಇನ್ವರ್ಟರ್ ಫ್ರಿಜ್" ಅಥವಾ ಇನ್ವರ್ಟರ್ ಎಸಿ ಇದೆಯೇ? ಹಾಗಾದರೆ ಸಿಂಗಲ್ ಫೇಸ್‌ನಿಂದ ತ್ರೀ ಫೇಸ್ ಮಾಡುವ ಉಪಕರಣ ಈಗಾಗಲೇ ನಿಮ್ಮ ಮನೆಯೊಳಗೆ ಇದೆ! ಅದರೊಳಗಿನ ಎಲೆಕ್ಟ್ರಾನಿಕ್ ಹಲಗೆ ಮೊದಲು ಮನೆಯ ಕರೆಂಟನ್ನು ಬ್ಯಾಟರಿಯಂತೆ ಒಂದೇ ದಿಕ್ಕಿನದ್ದಾಗಿ ಮಾಡುತ್ತದೆ. ಆಮೇಲೆ ಅದನ್ನು ಅತಿವೇಗದ ಎಲೆಕ್ಟ್ರಾನಿಕ್ ಸ್ವಿಚ್ಚುಗಳಿಂದ ಕತ್ತರಿಸಿ ಮೂರು ಸರದಿಯ ವಿದ್ಯುತ್ತಾಗಿ ಕಂಪ್ರೆಸರಿಗೆ ಕೊಡುತ್ತದೆ. ವರ್ಕ್‌ಶಾಪಿನ ವಿಎಫ್‌ಡಿ, ಜನ ಸುಮ್ಮನೆ "ಡ್ರೈವ್" ಎನ್ನುವ ಪೆಟ್ಟಿಗೆ, ಮಾಡುವುದೂ ಇದನ್ನೇ. ಡಬ್ಲ್ಯುಎಪಿ-7ರಂಥ ಹೊಸ ಪೀಳಿಗೆಯ ರೈಲು ಇಂಜಿನ್ನುಗಳಲ್ಲಿ ಚಕ್ರ ತಿರುಗಿಸುವ ತ್ರೀ ಫೇಸ್ ಮೋಟಾರುಗಳೂ ಇದೇ ತತ್ವದ ಮೇಲೆ ಓಡುತ್ತವೆ.

ಸಣ್ಣ ವರ್ಕ್‌ಶಾಪಿಗೆ ಇಂದು ಇದೇ ಒಳ್ಳೆಯ ದಾರಿ. ಸಿಂಗಲ್ ಫೇಸ್ ಕರೆಂಟಿಗೆಂದೇ ತಯಾರಾದ ಡ್ರೈವ್‌ಗಳು 3 ಎಚ್‌ಪಿವರೆಗೆ ಸುಲಭವಾಗಿ ಸಿಗುತ್ತವೆ. ಮೋಟಾರು ಜರ್ಕ್ ಹೊಡೆಯದೆ ನಿಧಾನವಾಗಿ ಹೊರಡುತ್ತದೆ, ವೇಗವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದು. ಆದರೆ ಕೆಲವು ಷರತ್ತುಗಳಿವೆ. ಸಾಮಾನ್ಯ ಡ್ರೈವ್‌ಗೆ 230 ವೋಲ್ಟ್ ಕೊಟ್ಟರೆ ಹೊರಬರುವುದೂ 230 ವೋಲ್ಟೇ. ಹಾಗಾಗಿ ಮೇಲೆ ಹೇಳಿದ ಸ್ಟಾರ್-ಡೆಲ್ಟಾ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಒಂದು ಮೋಟಾರಿಗೆ ಒಂದು ಡ್ರೈವ್ ಇರಲಿ. ಡ್ರೈವ್ ಮತ್ತು ಮೋಟಾರಿನ ನಡುವೆ ಸ್ವಿಚ್ ಇಟ್ಟು ಓಡುವಾಗ ಆರಿಸಿ ಹಾಕುವ ಅಭ್ಯಾಸ ಬೇಡ, ಡ್ರೈವ್ ಕೆಟ್ಟುಹೋಗುತ್ತದೆ. ಮರದ ಹುಡಿ, ಹಿಟ್ಟಿನ ಹುಡಿ ಒಳಗೆ ಹೋಗದಂತೆ, ಆದರೆ ಗಾಳಿಯಾಡುವಂತೆ ಇಡಬೇಕು.

ಐದನೇ ದಾರಿ: ತ್ರೀ ಫೇಸ್ ಸಂಪರ್ಕವನ್ನೇ ಪಡೆಯುವುದು

ಯಾವ ಉಪಾಯವೂ ಹೊಸ ಕರೆಂಟನ್ನು ಹುಟ್ಟಿಸುವುದಿಲ್ಲ. ಮೂರು ತಂತಿಗಳಲ್ಲಿ ಹಂಚಿ ಬರಬೇಕಾದ ಹೊರೆ ನಿಮ್ಮ ಒಂದೇ ತಂತಿಯ ಮೇಲೆ ಬೀಳುತ್ತದೆ. 3 ಎಚ್‌ಪಿ ಮೋಟಾರು ತ್ರೀ ಫೇಸ್‌ನಲ್ಲಿ ಪ್ರತಿ ತಂತಿಯಿಂದ ಸುಮಾರು 5 ಆಂಪಿಯರ್ ತೆಗೆದುಕೊಂಡರೆ, ಡ್ರೈವ್ ಮೂಲಕ ಸಿಂಗಲ್ ಫೇಸ್‌ನಲ್ಲಿ ಓಡಿಸುವಾಗ 15-20 ಆಂಪಿಯರ್ ಬೇಕಾಗಬಹುದು. ಅದರ ಜೊತೆ ಗೀಸರ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಸೇರಿದರೆ ಮನೆಯ ಹಳೆಯ ವೈರು ತಡೆಯುವುದೇ? ಗೋಡೆಯೊಳಗೆ ಬಿಸಿಯಾಗುವ ವೈರು ಬೆಂಕಿ ಹಚ್ಚಿದ ಮೇಲೆಯೇ ಹೊರಗೆ ಕಾಣುತ್ತದೆ. ಆದ್ದರಿಂದ 3 ಎಚ್‌ಪಿ ದಾಟಿದರೆ, ಅಥವಾ ಎರಡು ಮೂರು ಯಂತ್ರ ಒಟ್ಟಿಗೆ ಓಡಬೇಕಾದರೆ, ಉಪಾಯಗಳನ್ನು ಬಿಟ್ಟು ತ್ರೀ ಫೇಸ್ ಸಂಪರ್ಕಕ್ಕೆ ಅರ್ಜಿ ಹಾಕುವುದೇ ಲೇಸು.

ಮನೆ ಮುಂದಿನ ಕಂಬದಲ್ಲಿ ಮೂರು ಫೇಸೂ ಹಾದು ಹೋಗಿದ್ದರೆ ಅರ್ಧ ಕೆಲಸ ಆದಂತೆಯೇ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ ನಿಮ್ಮ ಭಾಗದ ಮೆಸ್ಕಾಂ, ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಸೆಸ್ಕ್ ಕಚೇರಿಗೆ ಅರ್ಜಿ ಕೊಡಿ. ಗ್ರಾಹಕರ ಹಕ್ಕುಗಳ ಬಗ್ಗೆ ಕೇಂದ್ರ ಸರಕಾರ 2020ರಲ್ಲಿ ತಂದ ನಿಯಮಗಳಿಗೆ 2024ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಅರ್ಜಿ ಪೂರ್ಣಗೊಂಡ ಮೇಲೆ ಹೊಸ ಸಂಪರ್ಕ ಕೊಡಲು ಅಥವಾ ಇರುವುದನ್ನು ಬದಲಿಸಲು ಮಹಾನಗರದಲ್ಲಿ 3, ಇತರ ಪಟ್ಟಣಗಳಲ್ಲಿ 7, ಹಳ್ಳಿಗಳಲ್ಲಿ 15 ದಿನಗಳ ಮಿತಿಯಿದೆ. ಗುಡ್ಡಗಾಡಿನ ಹಳ್ಳಿಗಳಿಗೆ 30 ದಿನ. ಹೊಸ ಕಂಬ, ತಂತಿ ಎಳೆಯಬೇಕಾದರೆ ಇನ್ನಷ್ಟು ಸಮಯ ಹಿಡಿಯುತ್ತದೆ. ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ.

ಇನ್ನೊಂದು ಮಾತು. ಮನೆ ಬಳಕೆಗೆಂದು ಪಡೆದ ಸಂಪರ್ಕದಲ್ಲಿ ವ್ಯಾಪಾರದ ಯಂತ್ರ ಓಡಿಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆಯಾಗಬಹುದು. ಸಿಕ್ಕಿಬಿದ್ದರೆ ಅನ್ವಯಿಸುವ ದರದ ಎರಡು ಪಟ್ಟು ತೆರಬೇಕಾಗುತ್ತದೆ. ಡ್ರೈವ್ ಹಾಕಿದರೂ, ಸಿಂಗಲ್ ಫೇಸ್ ಮೋಟಾರು ಹಾಕಿದರೂ ಈ ನಿಯಮ ತಪ್ಪುವುದಿಲ್ಲ. ಯಾವ ದರದ ವರ್ಗಕ್ಕೆ ಬರುತ್ತೀರಿ, ತಿಂಗಳ ನಿಗದಿತ ಶುಲ್ಕ ಎಷ್ಟು ಎಂದು ಮೊದಲೇ ಕೇಳಿಕೊಂಡು ಅದನ್ನು ನಿಮ್ಮ ಲಾಭದ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಇವನ್ನು ಮಾತ್ರ ಮಾಡಬೇಡಿ

ಪಕ್ಕದ ಮನೆಯದು ಬೇರೆ ಫೇಸ್ ಎಂದು ಅಲ್ಲಿಂದ ಒಂದು ವೈರು ಎಳೆದು ತರುವವರಿದ್ದಾರೆ. ಇದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ನಿಮ್ಮ ಮೇನ್ ಸ್ವಿಚ್ ಆರಿಸಿದರೂ ಯಂತ್ರದಲ್ಲಿ ಪಕ್ಕದ ಮನೆಯ ಕರೆಂಟು ಉಳಿದಿರುತ್ತದೆ. ಆ ಎರಡು ಫೇಸ್ ನಡುವೆ 400 ವೋಲ್ಟ್ ಇರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಆರಿಸಿದ ಡ್ರೈವ್ ಅಥವಾ ಕೆಪಾಸಿಟರ್ ಪೆಟ್ಟಿಗೆಯನ್ನು ಕೂಡಲೇ ಬಿಚ್ಚಬೇಡಿ. ಡ್ರೈವ್ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ವಿದ್ಯುತ್ತು ಹಲವು ನಿಮಿಷ ಕೂಡಿಟ್ಟಿರುತ್ತದೆ. ಪ್ಲಗ್ಗು ಕಿತ್ತಿದ್ದೇವೆ ಎಂದು ನಂಬಿ ಕೈ ಹಾಕಿದವರನ್ನು ಅದು ಬಿಡುವುದಿಲ್ಲ.

ಅರ್ಥಿಂಗ್ ಇಲ್ಲದೆ ಯಂತ್ರವನ್ನು ಓಡಿಸಬೇಡಿ. ಒಳಗಿನ ವೈರು ಸವೆದು ಕಬ್ಬಿಣಕ್ಕೆ ತಾಗಿದರೆ ಇಡೀ ಯಂತ್ರದ ಮೈಯೇ ಕರೆಂಟಾಗುತ್ತದೆ. ನೆಲ ಒರೆಸಿದ ಒದ್ದೆ ಕಾಲಿನಲ್ಲಿ ಅದನ್ನು ಮುಟ್ಟುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಯಂತ್ರಕ್ಕೆ ಬೇರೆಯದೇ ವೈರು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಗುಂಡಿ ಇರಲಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಡ್ರೈವ್ ಇರುವ ಲೈನಿಗೆ ಯಾವ ಬಗೆಯದು ಬೇಕೆಂದು ಅದರ ಕೈಪಿಡಿ ನೋಡಿ ಹಾಕಲು ಹೇಳಿ. ಜೋಡಣೆಯಾದ ಮೇಲೆ ಬ್ಲೇಡು ಕಳಚಿಟ್ಟು ಮೋಟಾರು ಸರಿಯಾದ ದಿಕ್ಕಿಗೆ ತಿರುಗುತ್ತದೆಯೇ ಎಂದು ಮೊದಲು ನೋಡಿ. ಹಿಮ್ಮುಖ ತಿರುಗುವ ಗರಗಸ ಮರವನ್ನು ಕೊಯ್ಯುವುದಿಲ್ಲ, ನಿಂತವರ ಮೇಲೆ ಎಸೆಯುತ್ತದೆ.

ಯಾರಿಗಾದರೂ ಶಾಕ್ ಹೊಡೆದರೆ ಓಡಿ ಹೋಗಿ ಹಿಡಿಯಬೇಡಿ. ಮೊದಲು ಮೇನ್ ಆರಿಸಿ, ಆಮೇಲೆ ಮುಟ್ಟಿ. 108ಕ್ಕೆ ಕರೆ ಮಾಡಿ. ಮೇನ್ ಎಲ್ಲಿದೆ, ಹೇಗೆ ಆರಿಸಬೇಕು ಎಂಬುದು ಮನೆಯ ದೊಡ್ಡ ಮಕ್ಕಳಿಗೂ ಗೊತ್ತಿರಲಿ.

ಕೊನೆಗೆ

ಲೆಕ್ಕ ಸರಳ. ಹೊಲಿಗೆ ಯಂತ್ರಕ್ಕೆ ಸರ್ವೋ ಮೋಟಾರು. ಬೆಲ್ಟಿನ ಸಣ್ಣ ಗಿರಣಿಗೆ ಸಿಂಗಲ್ ಫೇಸ್ ಮೋಟಾರು. ಮೋಟಾರು ಬದಲಿಸಲಾಗದ 2 ಎಚ್‌ಪಿ ಒಳಗಿನ ಯಂತ್ರಕ್ಕೆ, ಸುರುಳಿ ಡೆಲ್ಟಾಕ್ಕೆ ಬದಲಿಸಿ ಡ್ರೈವ್. ಅದಕ್ಕಿಂತ ದೊಡ್ಡದಕ್ಕೆ ತ್ರೀ ಫೇಸ್ ಸಂಪರ್ಕ.

ಯಂತ್ರ ಮಾರುವವನು "ಎಲ್ಲಾ ಆಗುತ್ತದೆ, ತೆಗೆದುಕೊಂಡು ಹೋಗಿ" ಎಂದಾಗ ಅವಸರ ಪಡಬೇಡಿ. ತಗಡಿನ ಫೋಟೋ ತೆಗೆಯಿರಿ, ತಿಳಿದವರಿಗೆ ತೋರಿಸಿ, ಮೋಟಾರಿನ ವೆಚ್ಚದ ಜೊತೆ ಡ್ರೈವ್, ವೈರಿಂಗ್, ಅರ್ಥಿಂಗ್ ವೆಚ್ಚವನ್ನೂ ಕೂಡಿಸಿ ನೋಡಿ. ಅಗ್ಗಕ್ಕೆ ಸಿಕ್ಕಿದ ಯಂತ್ರ ಆಗಲೂ ಅಗ್ಗವೇ ಎನಿಸಿದರೆ ಕೊಳ್ಳಿ. ಅಡವಿಟ್ಟ ಬಳೆ ಮತ್ತೆ ಕೈಗೆ ಬರಬೇಕಾದರೆ ಆ ಮೋಟಾರು ಒಂದು ದಿನವಲ್ಲ, ವರ್ಷಗಟ್ಟಲೆ ತಿರುಗಬೇಕಲ್ಲವೇ?